50 ದಾಟಿದ ಮೇಲೂ ಬಿಲ್ಲು ಹಿಡಿಯುವುದು ಹೇಗೆ: ಭುಜ ಕೆಡಿಸಿಕೊಳ್ಳದೆ ಮುಂದುವರಿಯಲು ಒಂದು ಮಾರ್ಗದರ್ಶಿ

ವಾರಕ್ಕೆ ಒಬ್ಬರಾದರೂ ಇದನ್ನೇ ಕೇಳುತ್ತಾರೆ. "ನನಗೆ 56 ಆಯ್ತು, ಬಿಲ್ಲು ಎಳೆದ ರಾತ್ರಿ ಹೆಗಲು ಹಿಡಿದುಕೊಳ್ಳುತ್ತೆ, ಬಿಟ್ಟುಬಿಡಲಾ?" ಕೇಳುವವರಲ್ಲಿ ಮೂಡಿಗೆರೆ ಕಡೆಯ ಬೆಳೆಗಾರರಿದ್ದಾರೆ, ಹಾಸನದಲ್ಲಿ ಕೆಲಸದಿಂದ ನಿವೃತ್ತರಾದವರಿದ್ದಾರೆ, ಮಕ್ಕಳಿಗೆ ಕಲಿಸಲು ಹೋಗಿ ತಾವೇ ಬಿಲ್ಲಿನ ರುಚಿ ಹತ್ತಿಸಿಕೊಂಡ ಅಮ್ಮಂದಿರೂ ಇದ್ದಾರೆ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಬಿಡಬೇಕಾಗಿಲ್ಲ. 30ರಲ್ಲಿ ಎಳೆಯುತ್ತಿದ್ದ ಬಿಲ್ಲನ್ನೇ 56ರಲ್ಲೂ ಎಳೆಯುತ್ತೇನೆ ಅನ್ನುವ ಹಟ ಮಾತ್ರ ಬಿಡಬೇಕು. ಭುಜ ಕೆಟ್ಟು ಬಿಲ್ಲು ಮೂಲೆಗಿಟ್ಟವರಲ್ಲಿ ನಾನು ನೋಡಿದ ಹೆಚ್ಚಿನವರ ಕಥೆ ಒಂದೇ. ಹಗುರ ಬಿಲ್ಲಿಗೆ ಇಳಿಯಲು ಎರಡು ಮೂರು ವರ್ಷ ತಡ ಮಾಡಿದ್ದರು. ನಾನೂ ಹಾಗೆ ತಡ ಮಾಡಿ 52ರಲ್ಲಿ ಐದು ತಿಂಗಳು ಬಲಗೈ ಮೇಲೆತ್ತಲಾಗದೆ ಕೂತಿದ್ದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈ ಆಟಕ್ಕೆ ವಯಸ್ಸು ಅಡ್ಡಿಯಲ್ಲ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಆರ್ಚರಿ ಚಿನ್ನ ಗೆದ್ದ ಕ್ವೀನಿ ನ್ಯೂವಾಲ್ ಅವರಿಗೆ ಆಗ 53 ವರ್ಷ. ಇವತ್ತಿಗೂ ಅಂತಾರಾಷ್ಟ್ರೀಯ ನಿಯಮದಲ್ಲಿ 50 ದಾಟಿದವರಿಗೆ ಪ್ರತ್ಯೇಕ ವಿಭಾಗವೇ ಇದೆ.

ಇಲ್ಲಿ ಬರೆದಿರುವುದೆಲ್ಲ ಸಾಂಪ್ರದಾಯಿಕ ಬಿಲ್ಲಿನ ಬಗ್ಗೆ, ಅಂದರೆ ಗಾಲಿ, ಕೇಬಲ್ಲು, ಗುರಿ ನೋಡುವ ಸೈಟ್ ಯಾವುದೂ ಇಲ್ಲದ ಬಿಲ್ಲು. ಬಿದಿರಿನದ್ದಿರಬಹುದು, ಉದ್ದನೆಯ ಲಾಂಗ್‌ಬೋ ಇರಬಹುದು, ತುದಿ ಹಿಂದಕ್ಕೆ ಬಾಗಿದ ರಿಕರ್ವ್ ಇರಬಹುದು. ಗಾಲಿ ಇರುವ ಕಾಂಪೌಂಡ್ ಬಿಲ್ಲಿನಲ್ಲಿ ಪೂರ್ತಿ ಎಳೆದ ಮೇಲೆ ಭಾರ ತಾನೇ ಇಳಿಯುತ್ತದೆ. ನಮ್ಮದರಲ್ಲಿ ಹಾಗಲ್ಲ, ಎಳೆದಷ್ಟೂ ಭಾರ ಏರುತ್ತದೆ, ಪೂರ್ತಿ ಎಳೆದಾಗಲೇ ಅತಿ ಜಾಸ್ತಿ. ವಯಸ್ಸಾದ ಭುಜಕ್ಕೆ ತೊಂದರೆ ಬರುವುದು ಅಲ್ಲೇ.

ಬೇಕಾಗುವ ಸಾಮಾನು: ನಿಮ್ಮ ಬಿಲ್ಲು, ಹೆದೆ ಏರಿಸುವ ಹಗ್ಗ (ಅಂಗಡಿಯಲ್ಲಿ ಸ್ಟ್ರಿಂಗರ್ ಅಂತ ಕೇಳಿ), ಮೆಣಸಿನ ಚೀಲ ನೇತುಹಾಕಿ ತೂಗುವಂಥ ಕೊಕ್ಕೆಯ ತೂಕದ ಯಂತ್ರ, ಹಳೆಯ ಸೈಕಲ್ ಟ್ಯೂಬು, ಗಟ್ಟಿ ಸ್ಟೂಲು, ಮುಂಗೈ ಪಟ್ಟಿ, ಹೆದೆ ಎಳೆಯುವ ಬೆರಳುಗಳನ್ನು ಕಾಯುವ ಚರ್ಮದ ತುಂಡು (ಟ್ಯಾಬ್). ಒಂದು ನೋಟ್‌ಬುಕ್ ಕೂಡ ಇಟ್ಟುಕೊಳ್ಳಿ.

1. ಮೊದಲು ನಿಮ್ಮ ಮೈಯನ್ನು ನೋಡಿಕೊಳ್ಳಿ

30 ದಾಟಿದ ಮೇಲೆ ಪ್ರತಿ 10 ವರ್ಷಕ್ಕೆ ಮೈಯ ಮಾಂಸಖಂಡ ಸುಮಾರು ಶೇ 3ರಿಂದ 8ರಷ್ಟು ಕರಗುತ್ತದೆ, 60ರ ನಂತರ ಇನ್ನೂ ಬೇಗ. ಅದನ್ನು ಕಸರತ್ತಿನಿಂದ ಸ್ವಲ್ಪಮಟ್ಟಿಗೆ ತಡೆಯಬಹುದು. ಟೆಂಡನ್ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಟೆಂಡನ್ ಅಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟಿ ಹಿಡಿಯುವ ಹುರಿಯಂಥ ನಾರು. ಅದಕ್ಕೆ ರಕ್ತ ಹೋಗುವುದೇ ಕಡಿಮೆ, ಹಾಗಾಗಿ ಒಮ್ಮೆ ಸವೆದರೆ ವಾಸಿಯಾಗಲು ತಿಂಗಳುಗಳೇ ಬೇಕು. ಭುಜದ ಗುಂಡನ್ನು ಗುಳಿಯಲ್ಲಿ ಹಿಡಿದಿಡುವ ನಾಲ್ಕು ಮಾಂಸಖಂಡ, ಅವುಗಳ ಟೆಂಡನ್ ಸೇರಿದ ಗುಂಪಿಗೆ ರೊಟೇಟರ್ ಕಫ್ ಅಂತಾರೆ. ಬಿಲ್ಲುಗಾರರು ಕೆಡಿಸಿಕೊಳ್ಳುವುದು ಹೆಚ್ಚಾಗಿ ಇದನ್ನೇ.

ಮನೆಯಲ್ಲೇ ನಾಲ್ಕು ಪರೀಕ್ಷೆ ಮಾಡಿ. ಗೋಡೆಗೆ ಬೆನ್ನು ಕೊಟ್ಟು ನಿಂತು ಎರಡೂ ಕೈ ಮುಂದಿನಿಂದ ನೇರ ಮೇಲೆತ್ತಿ. ಸೊಂಟ ಡೊಂಕು ಮಾಡದೆ ಹೆಬ್ಬೆರಳು ಗೋಡೆಗೆ ತಾಗಿದರೆ ಒಳ್ಳೆಯದು. ಆಮೇಲೆ ಕೈಯನ್ನು ಪಕ್ಕದಿಂದ ಮೇಲೆತ್ತಿ. ಭುಜದ ಮಟ್ಟದ ಆಸುಪಾಸಿನಲ್ಲಿ ಮಾತ್ರ ಚುಚ್ಚಿ, ಪೂರ್ತಿ ಮೇಲೆ ಹೋದಾಗ ನೋವು ಕಡಿಮೆಯಾದರೆ ಟೆಂಡನ್ ಎಲ್ಲೋ ಮೂಳೆಯ ನಡುವೆ ಸಿಕ್ಕಿಕೊಳ್ಳುತ್ತಿದೆ ಅಂತ ಅನುಮಾನಪಡಿ, ಮೂಳೆ ಡಾಕ್ಟರಿಗೆ ತೋರಿಸುವ ತನಕ ಬಿಲ್ಲು ಮುಟ್ಟಬೇಡಿ. ಮೂರನೆಯದು, ಅಂಗಿ ಸಿಕ್ಕಿಸಿಕೊಳ್ಳುವ ಹಾಗೆ ಕೈಯನ್ನು ಬೆನ್ನ ಹಿಂದೆ ಒಯ್ದು ಎಡ ಬಲ ಹೋಲಿಸಿ. ನಾಲ್ಕನೆಯದು, ಹತ್ತಿರ ಹಿಡಿಯಲು ಏನಾದರೂ ಇಟ್ಟುಕೊಂಡು ಒಂಟಿ ಕಾಲಿನಲ್ಲಿ 10 ಸೆಕೆಂಡ್ ನಿಲ್ಲಿ. ನಿಲ್ಲಲಾಗದಿದ್ದರೆ ಇಳಿಜಾರಿನಲ್ಲಿ ಬಾಣ ಬಿಡುವ ಯೋಚನೆ ಸದ್ಯಕ್ಕೆ ಬೇಡ.

ಸಕ್ಕರೆ ಕಾಯಿಲೆ ಇರುವವರು ಗಮನಿಸಿ. ನಿಮಗೆ ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಬಿಗಿದು ಕೈ ತಿರುಗದೇ ಇರುವ ತೊಂದರೆ, ಬೇರೆಯವರಿಗಿಂತ ಜಾಸ್ತಿ ಬರುತ್ತದೆ. ಬಿಲ್ಲಿನಿಂದಲೇ ಬಂತು ಅಂದುಕೊಂಡು ಎಣ್ಣೆ ತಿಕ್ಕುತ್ತಾ ಕೂರಬೇಡಿ, ಸಕ್ಕರೆ ಮಟ್ಟ ನೋಡಿಸಿ. ಬಿಪಿ ಇರುವವರು ಡಾಕ್ಟರಿಗೆ "ಭಾರ ಎಳೆದು ಅಲುಗಾಡದೆ ಹಿಡಿದು ನಿಲ್ಲುವ ಆಟ" ಅಂತ ಬಿಡಿಸಿ ಹೇಳಿ ಕೇಳಿ. ಸುಮ್ನೆ "ಆರ್ಚರಿ ಮಾಡ್ತೀನಿ" ಅಂದರೆ ಅವರಿಗೆ ಅಂದಾಜಾಗುವುದಿಲ್ಲ. ಹಾಗೆ ಹಿಡಿದು ನಿಂತಾಗ ಬಿಪಿ ಏರುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇಟ್ಟಿದ್ದರೆ ಯಾವ ಬದಿಯಲ್ಲಿದೆ, ಹೆದೆ ಅಲ್ಲಿ ಬಡಿಯುತ್ತದಾ, ಆ ಕೈಯಿಂದ ಎಳೆಯಬಹುದಾ ಅಂತ ಕೇಳದೆ ಒಂದು ಬಾಣವನ್ನೂ ಬಿಡಬೇಡಿ.

2. ಬಿಲ್ಲಿನ ನಿಜವಾದ ತೂಕ ತಿಳಿದುಕೊಳ್ಳಿ

ಎಳೆತದ ತೂಕ ಅಂದರೆ ಹೆದೆಯನ್ನು ಪೂರ್ತಿ ಎಳೆದಾಗ ಬೆರಳುಗಳ ಮೇಲೆ ಬೀಳುವ ಭಾರ. ಇದನ್ನು ಪೌಂಡ್ ಲೆಕ್ಕದಲ್ಲೇ ಹೇಳುತ್ತಾರೆ. 1 ಪೌಂಡ್ ಅಂದರೆ ಸುಮಾರು 0.45 ಕೆಜಿ. ಬಿಲ್ಲಿನ ಮೇಲೆ "45 ಪೌಂಡ್, 28 ಇಂಚು" ಅಂತ ಬರೆದಿದ್ದರೆ 28 ಇಂಚು ಎಳೆದಾಗ ಮಾತ್ರ 45. ನೀವು 26 ಇಂಚು ಎಳೆಯುವವರಾದರೆ ಇಂಚಿಗೆ 2ರಿಂದ 3 ಪೌಂಡ್ ಕಡಿಮೆ, ಅಂದರೆ ನಿಮ್ಮ ಕೈಗೆ ಸುಮಾರು 40.

ವಯಸ್ಸಾದಂತೆ ಬೆನ್ನು ಎದೆ ಬಿಗಿದು ಎಳೆತದ ಉದ್ದ ಅರ್ಧ ಇಂಚು, ಒಂದಿಂಚು ಕಡಿಮೆಯಾಗುವುದುಂಟು. 15 ವರ್ಷದ ಹಿಂದೆ ಅಳೆದ ಲೆಕ್ಕ ಇಟ್ಟುಕೊಂಡು ಕೂರಬೇಡಿ, ಮತ್ತೆ ಅಳೆಯಿರಿ. ಹಗುರವಾದ ಬಿಲ್ಲು ತಗೊಂಡು, ಉದ್ದನೆಯ ಬಾಣ ಹೂಡಿ, ಹಳೆ ಬಟ್ಟೆ ತುಂಬಿ ಗುರಿಗೆಂದು ಇಟ್ಟ ಗೋಣಿಚೀಲದ ಎದುರಿಗೇ ನಿಂತು, ನಿಮಗೆ ಸಹಜವಾಗಿ ಎಷ್ಟು ಬರುತ್ತದೋ ಅಷ್ಟೇ ಎಳೆಯಿರಿ. ಬಿಲ್ಲಿನ ಹಿಡಿಯ ಮುಂಬದಿಗೆ ಬಾಣ ಎಲ್ಲಿ ಬರುತ್ತದೋ ಅಲ್ಲಿ ಇನ್ನೊಬ್ಬರು ಪಕ್ಕದಲ್ಲಿ ನಿಂತು ಗುರುತು ಹಾಕಲಿ. ಆಮೇಲೆ ತೂಕದ ಯಂತ್ರವನ್ನು ತೊಲೆಗೆ ಭದ್ರವಾಗಿ ನೇತುಹಾಕಿ, ಅದರ ಕೊಕ್ಕೆಗೆ ನಿಮ್ಮ ಬಿಲ್ಲಿನ ಹೆದೆ ಸಿಕ್ಕಿಸಿ, ಎರಡೂ ಕೈಯಲ್ಲಿ ಬಿಲ್ಲಿನ ಹಿಡಿಯನ್ನು ಹಿಡಿದು, ಹೆದೆಗೆ ಹೂಡಿದ ಅದೇ ಬಾಣದ ಗುರುತು ಹಿಡಿಯ ಮುಂಬದಿಗೆ ಬರುವವರೆಗೆ ನಿಧಾನವಾಗಿ ಕೆಳಗೆ ಎಳೆಯಿರಿ. ಕೆಜಿಯಲ್ಲಿ ಬಂದದ್ದನ್ನು 2.2ರಿಂದ ಗುಣಿಸಿದರೆ ಪೌಂಡ್.

ಎಚ್ಚರ: ಬಿಲ್ಲನ್ನು ಹಾಗೇ ನಿಧಾನವಾಗಿ ಮೇಲಕ್ಕೆ ಬಿಡಬೇಕು. ಕೊಕ್ಕೆಯಿಂದ ಹೆದೆ ಜಾರಿದರೆ ಬಾಣವಿಲ್ಲದೆ ಬಿಲ್ಲು ಬಿಟ್ಟ ಹಾಗಾಗುತ್ತದೆ. ಬಾಣ ಹೊತ್ತೊಯ್ಯಬೇಕಿದ್ದ ಬಲವೆಲ್ಲ ಬಿಲ್ಲಿಗೇ ತಿರುಗಿ ಬಡಿದು ಬಿಲ್ಲು ಸೀಳಬಹುದು, ಮುಖಕ್ಕೂ ಹೊಡೆಯಬಹುದು.

3. ತೂಕ ಇಳಿಸಿ, ಒಂದೇ ಸಲಕ್ಕೆ ಸಾಕಷ್ಟು ಇಳಿಸಿ

ಹೆಚ್ಚಿನವರು ಸೋಲುವುದು ಈ ಹಂತದಲ್ಲೇ. 50 ಪೌಂಡ್ ಎಳೆಯುತ್ತಿದ್ದವರು ನೋವು ಬಂದಾಗ 47ಕ್ಕೆ ಇಳಿಯುತ್ತಾರೆ, ಆರು ತಿಂಗಳಾದ ಮೇಲೆ 45. ಭುಜಕ್ಕೆ ಅದರಿಂದ ಏನೂ ಸಿಗುವುದಿಲ್ಲ. ಇಳಿಸುವುದಾದರೆ ನಾಲ್ಕನೇ ಒಂದು ಭಾಗ ಇಳಿಸಿ. 50 ಇದ್ದರೆ 38ರ ಹತ್ತಿರ, 40 ಇದ್ದರೆ 30.

ಒಂದು ಲೆಕ್ಕ ಹಾಕಿ ನೋಡಿ. 45 ಪೌಂಡ್ ಬಿಲ್ಲಿನಲ್ಲಿ 100 ಬಾಣ ಬಿಟ್ಟರೆ ನಿಮ್ಮ ಭುಜ ಒಟ್ಟು 4,500 ಪೌಂಡ್, ಹತ್ತಿರ ಹತ್ತಿರ 2,040 ಕೆಜಿ ಎಳೆದ ಹಾಗೆ. 50 ಕೆಜಿಯ 40 ಕಾಫಿ ಮೂಟೆ! ಅದೇ 30 ಪೌಂಡಿನಲ್ಲಿ 40 ಬಾಣ ಬಿಟ್ಟರೆ ಸುಮಾರು 545 ಕೆಜಿ, 11 ಮೂಟೆ. ವಾರದ ಸಂತೆಗೆ ಮೂಟೆ ಹೊರಲು 60 ವರ್ಷದವರನ್ನು ನಾವು ಕರೆಯುವುದಿಲ್ಲ ಅಲ್ವಾ, ನಮ್ಮ ಭುಜಕ್ಕೆ ಮಾತ್ರ ಯಾಕೆ ಆ ಶಿಕ್ಷೆ?

ಬಿಲ್ಲು ನಿಮಗೆ ಸರಿಯಾದ ತೂಕದ್ದೇ ಅಂತ ತಿಳಿಯಲು ಕೂತು ಎಳೆಯುವ ಪರೀಕ್ಷೆ ಮಾಡಿ. ಗೋಣಿಚೀಲದ ಮುಂದೆ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಇಟ್ಟು ಕೂತು, ಬಾಣ ಹೂಡಿ, ಬಿಲ್ಲನ್ನು ಗುರಿಯ ಮಟ್ಟದಲ್ಲೇ ಇಟ್ಟು ಎಳೆಯಿರಿ. ಎಳೆಯಲು ಬಿಲ್ಲನ್ನು ಆಕಾಶಕ್ಕೆ ಎತ್ತಬೇಕಾಗಿ ಬಂದರೆ ಅದು ನಿಮಗೆ ಭಾರ. 10 ಸೆಕೆಂಡ್ ಹಿಡಿಯಿರಿ. ಬಾಣ ಬಿಡದೆ, ಎಳೆದ ವೇಗದಲ್ಲೇ ಹೆದೆಯನ್ನು ಹಿಂದಕ್ಕೆ ಕಳಿಸಿ. ನಡುವೆ ಅರ್ಧ ನಿಮಿಷ ಸುಧಾರಿಸಿಕೊಂಡು ಐದು ಸಲ ಹೀಗೆ ಮಾಡಿ. ಐದನೇ ಸಲ ಕೈ ನಡುಗಿದರೆ, ಅಥವಾ ಹೆದೆ ಕೈಯಿಂದ ಕಿತ್ತುಕೊಂಡು ಹೋದ ಹಾಗನ್ನಿಸಿದರೆ, ಇನ್ನೂ ಹಗುರದ್ದು ಬೇಕು. ಎಳೆಯಲು ಬರುವ ಎಷ್ಟೋ ಜನಕ್ಕೆ ಹಿಂದಕ್ಕೆ ಕಳಿಸಲು ಬರುವುದಿಲ್ಲ, ಭುಜ ಹರಿಯುವುದು ಆಗಲೇ.

ನನ್ನ ಅಂದಾಜು, ಅಂದಾಜು ಮಾತ್ರ: 50ರ ಹರೆಯದಲ್ಲಿ ಆರೋಗ್ಯವಾಗಿರುವ ಗಂಡಸರಿಗೆ 35ರ ಆಸುಪಾಸು, 60ರಲ್ಲಿ 30, 70ರಲ್ಲಿ 22ರಿಂದ 26. ಹೆಂಗಸರು ಇದಕ್ಕಿಂತ 6-8 ಪೌಂಡ್ ಕಡಿಮೆಯಿಂದ ಶುರು ಮಾಡಲಿ. ಯಾವತ್ತೂ ಬಿಲ್ಲು ಹಿಡಿಯದೆ ಈಗ ಶುರು ಮಾಡುವವರು ಯಾರೇ ಆಗಲಿ, 20 ಪೌಂಡ್ ಸಾಕು. 18 ಮೀಟರ್ ದೂರದಲ್ಲಿ 28 ಪೌಂಡಿನ ಬಿಲ್ಲು ಬಾಣವನ್ನು ಗೋಣಿಚೀಲಕ್ಕೆ ಚೆನ್ನಾಗಿಯೇ ನಾಟಿಸುತ್ತದೆ. ನೀವು ಹಗುರ ಬಿಲ್ಲಿಗೆ ಬಂದಿದ್ದಕ್ಕೆ ಯಾರಿಗೂ ಕಾರಣ ಹೇಳಬೇಕಾಗಿಲ್ಲ.

ಇನ್ನೊಂದು ಲಾಭವೂ ಇದೆ. ಭಾರದ ಬಿಲ್ಲು ಹಿಡಿದವರಿಗೆ ಗುರಿಯ ಮೇಲೆ ನಿಲ್ಲಲು ಆಗದೆ, ಪೂರ್ತಿ ಎಳೆಯುವ ಮೊದಲೇ ಬೆರಳು ಬಿಟ್ಟುಹೋಗುವ ಅಭ್ಯಾಸ ಅಂಟಿಕೊಳ್ಳುತ್ತದೆ. ಇದನ್ನು ಟಾರ್ಗೆಟ್ ಪ್ಯಾನಿಕ್ ಅಂತಾರೆ. ಹಗುರ ಬಿಲ್ಲಿಗೆ ಬಂದ ಎರಡು ಮೂರು ತಿಂಗಳಲ್ಲಿ ಎಷ್ಟೋ ಜನರಿಗೆ ಅದು ತಾನಾಗಿ ಸರಿಹೋದದ್ದನ್ನು ನೋಡಿದ್ದೇನೆ.

ಖರ್ಚಿನ ವಿಷಯ. ನಿಮ್ಮದು ಬಿಚ್ಚಿ ಜೋಡಿಸುವ ರಿಕರ್ವ್ ಆದರೆ ಪೂರ್ತಿ ಬಿಲ್ಲು ಕೊಳ್ಳಬೇಕಾಗಿಲ್ಲ, ಮೇಲಿನ ಕೆಳಗಿನ ಎರಡು ಲಿಂಬ್, ಅಂದರೆ ಬಾಗುವ ತೋಳುಗಳನ್ನು ಮಾತ್ರ ಬದಲಿಸಿದರೆ ಸಾಕು. ಬಿದಿರಿನ ಬಿಲ್ಲಾದರೆ ಮಾಡಿಕೊಟ್ಟವರ ಹತ್ತಿರವೇ ಹೊಟ್ಟೆಯ ಬದಿ, ಅಂದರೆ ನಿಮ್ಮ ಕಡೆಗಿರುವ ಬದಿ, ಸಮನಾಗಿ ಹೆರೆಸಿ ತೂಕ ಇಳಿಸಬಹುದು. ನೀವೇ ಮಚ್ಚು ಹಿಡಿದು ಕೂರಬೇಡಿ. ಹೊರಬದಿಯ ನಾರು ಒಂದು ಕಡೆ ತುಂಡಾದರೂ ಬಿಲ್ಲು ಎಳೆಯುವಾಗ ಮುರಿಯುತ್ತದೆ.

4. ಬಾಣವನ್ನೂ ಬದಲಿಸಿ

ತೂಕ ಇಳಿಸಿ ಹಳೇ ಬಾಣವನ್ನೇ ಬಿಟ್ಟು, "ಎಲ್ಲಾ ಎಡಕ್ಕೇ ಹೋಗ್ತಾ ಇದೆ, ಕಣ್ಣು ಹೋಯ್ತು" ಅಂತ ಬೇಜಾರು ಮಾಡಿಕೊಳ್ಳುವವರಿದ್ದಾರೆ. ಕಣ್ಣಿನದ್ದಲ್ಲ, ಸ್ಪೈನ್‌ನ ಸಮಸ್ಯೆ. ಸ್ಪೈನ್ ಅಂದರೆ ಬಾಣ ಎಷ್ಟು ಬಗ್ಗುತ್ತದೆ ಅನ್ನುವ ಅಳತೆ. ಬಿಟ್ಟ ಕ್ಷಣ ಬಾಣ ಬಿಲ್ಲನ್ನು ಬಳಸಿಕೊಂಡು ಮೀನಿನ ಹಾಗೆ ಬಳುಕಿ ಹೋಗಬೇಕು. ಬಿಲ್ಲಿಗೆ ಬಾಣ ಗಡಸಾದರೆ ಬಲಗೈಯಿಂದ ಎಳೆಯುವವರಿಗೆ ಅದು ಎಡಕ್ಕೆ ಓಡುತ್ತದೆ, ತೀರಾ ಮೆದುವಾದರೆ ಬಲಕ್ಕೆ. ಕಾರ್ಬನ್ ಬಾಣದ ಮೇಲಿನ 500, 700 ಅನ್ನುವ ಅಂಕಿ ಇದೇ. 28 ಇಂಚು ಅಂತರದಲ್ಲಿ ಎರಡು ಕಡೆ ಆಸರೆ ಕೊಟ್ಟು ನಡುವೆ 1.94 ಪೌಂಡ್ ತೂಗುಹಾಕಿದಾಗ ಬಾಣ ಎಷ್ಟು ಬಗ್ಗಿತು ಅನ್ನುವುದನ್ನು ಇಂಚಿನ ಸಾವಿರದ ಭಾಗದಲ್ಲಿ ಬರೆದಿರುತ್ತಾರೆ. ಅಂಕಿ ದೊಡ್ಡದಾದಷ್ಟೂ ಬಾಣ ಮೆದು. ಹಗುರ ಬಿಲ್ಲಿಗೆ ದೊಡ್ಡ ಅಂಕಿ ಬೇಕು.

ಹೊಸ ಬಾಣಕ್ಕೆ ದುಡ್ಡು ಹಾಕುವ ಮೊದಲು ಹಳೇ ಬಾಣದ ಮೊನೆಯನ್ನು ಭಾರದ್ದಕ್ಕೆ ಬದಲಿಸಿ ನೋಡಿ. ಮುಂದೆ ಭಾರ ಜಾಸ್ತಿಯಾದರೆ ಬಾಣ ಜಾಸ್ತಿ ಬಳುಕುತ್ತದೆ, ಸ್ವಲ್ಪದರಲ್ಲಿ ತಪ್ಪುತ್ತಿದ್ದರೆ ಅಷ್ಟಕ್ಕೇ ಸರಿಹೋಗಬಹುದು.

ಪ್ರತಿ ಸಲ ಬಿಡುವ ಮೊದಲು ಬಾಣವನ್ನು ಪರೀಕ್ಷಿಸಿ. ಕಾರ್ಬನ್ ಬಾಣದ ಕೂದಲೆಳೆಯ ಬಿರುಕು 55ರ ಕಣ್ಣಿಗೆ ಕಾಣುವುದಿಲ್ಲ. ಹತ್ತಿ ಉಂಡೆಯನ್ನು ಬಾಣದ ಉದ್ದಕ್ಕೂ ಸವರಿ, ಸೀಳಿದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ. ಎರಡೂ ತುದಿ ಹಿಡಿದು ಮೆಲ್ಲಗೆ ಬಗ್ಗಿಸಿ, ಚಟ್ ಅಂತ ಸದ್ದು ಬಂದರೆ ಮುರಿದು ಬಿಸಾಡಿ. ಸೀಳಿದ ಬಾಣ ಬಿಡುವಾಗ ಒಡೆದು ಬಿಲ್ಲು ಹಿಡಿದ ಕೈಗೇ ಹೊಕ್ಕುತ್ತದೆ.

5. ವಾರಕ್ಕೆ ಮೂರು ದಿನ ಕಸರತ್ತು

ಬಿಲ್ಲು ಎಳೆದೇ ಬಿಲ್ಲಿನ ಶಕ್ತಿ ಬರಿಸಿಕೊಳ್ಳುವ ಕಾಲ ನಮಗೆ ಮುಗಿಯಿತು. ಶಕ್ತಿಯನ್ನು ಬೇರೆ ಕಡೆಯಿಂದ ತರಬೇಕು, ಅದಕ್ಕೆ ಜಿಮ್ ಬೇಡ.

ಸೈಕಲ್ ಟ್ಯೂಬನ್ನು ಕಿಟಕಿ ಸರಳಿಗೆ ಮೊಣಕೈ ಮಟ್ಟದಲ್ಲಿ ಕಟ್ಟಿ, ಕಿಟಕಿಗೆ ಪಕ್ಕವಾಗಿ ನಿಲ್ಲಿ. ದೂರದ ಕೈಯ ಮೊಣಕೈ ಮತ್ತು ಪಕ್ಕೆಯ ನಡುವೆ ಮಡಿಸಿದ ಟವೆಲ್ ಇಟ್ಟುಕೊಳ್ಳಿ. ಟವೆಲ್ ಬೀಳದ ಹಾಗೆ ಮುಂಗೈಯನ್ನು ಮಾತ್ರ ಹೊರಕ್ಕೆ, ಬಾಗಿಲು ತೆರೆದ ಹಾಗೆ, ತಿರುಗಿಸಿ. 12 ಸಲ, ಎರಡು ಸುತ್ತು, ಎರಡೂ ಕೈ. ರೊಟೇಟರ್ ಕಫ್‌ಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಟ್ಯೂಬು ತುಂಬಾ ಬಿಗಿಯಿದ್ದರೆ ಉದ್ದಕ್ಕೆ ಸೀಳಿ ತೆಳುವಾಗಿಸಿ. ಇಲ್ಲಿ ಭಾರ ಮುಖ್ಯವಲ್ಲ, ನಿಧಾನ ಮುಖ್ಯ.

ಆಮೇಲೆ ಕಿಟಕಿಗೆ ಎದುರಾಗಿ ನಿಂತು ಎರಡೂ ಕೈಯಿಂದ ಟ್ಯೂಬನ್ನು ಪಕ್ಕೆಯವರೆಗೆ ಎಳೆದು, ಬೆನ್ನಿನ ಎರಡು ಹಲಗೆ ಮೂಳೆಗಳನ್ನು ಒಂದಕ್ಕೊಂದು ಸೇರಿಸಿ 3 ಸೆಕೆಂಡ್ ಹಿಡಿಯಿರಿ, 12 ಸಲ. ಹೆಗಲು ಕಿವಿಯ ಕಡೆ ಏರಬಾರದು. ಗೋಡೆಗೆ ಕೈ ಕೊಟ್ಟು ದಂಡ ಹೊಡೆದ ಹಾಗೆ 10 ಸಲ. ಕೊನೆಗೆ ಟವೆಲ್ ಸುರುಳಿಯನ್ನು ಬೆನ್ನಿನ ಮೇಲ್ಭಾಗಕ್ಕೆ ಅಡ್ಡ ಇಟ್ಟು ಎರಡು ನಿಮಿಷ ಅಂಗಾತ ಮಲಗಿ. ಎದೆ ತೆರೆದುಕೊಳ್ಳುತ್ತದೆ, ಕಳೆದುಹೋದ ಅರ್ಧ ಇಂಚಿನ ಎಳೆತ ವಾಪಸ್ ಬಂದರೂ ಬರಬಹುದು.

ಎರಡು ತಿಂಗಳು ಇದು ನಡೆದ ಮೇಲೆ ಮಾತ್ರ ಬಿಲ್ಲು ಹಿಡಿದು ನಿಲ್ಲುವ ಅಭ್ಯಾಸ ಸೇರಿಸಿ. ಹಗುರ ಬಿಲ್ಲು, ಬಾಣ ಹೂಡಿ ಗೋಣಿಚೀಲದ ಮುಂದೆ, 10 ಸೆಕೆಂಡ್ ಹಿಡಿದು ಮೆಲ್ಲಗೆ ಹಿಂದಕ್ಕೆ ಕಳಿಸಿ 30 ಸೆಕೆಂಡ್ ವಿಶ್ರಾಂತಿ, ಐದು ಸಲ. ಬಿಪಿ ಇರುವವರು ಇದನ್ನು ಬಿಡಿ. ಎಡಗೈಯಿಂದಲೂ ನಾಲ್ಕಾರು ಸಲ ಎಳೆಯಿರಿ, ಬೆನ್ನು ಒಂದೇ ಕಡೆ ಬೆಳೆಯಬಾರದು.

6. ಬಿಡುವ ಮೊದಲು ಮೈ ಕಾಯಿಸಿ, ಎಳೆಯುವ ರೀತಿ ಸರಿಮಾಡಿಕೊಳ್ಳಿ

ಡಿಸೆಂಬರ್ ಜನವರಿಯಲ್ಲಿ ನಮ್ಮ ಕಡೆ ಬೆಳಿಗ್ಗೆ ಏಳಕ್ಕೂ ಮಂಜು ಇರುತ್ತದೆ. ಎದ್ದ ತಕ್ಷಣ ಬಿಲ್ಲು ಎಳೆಯಬೇಡಿ. 10 ನಿಮಿಷ ನಡೆಯಿರಿ, ತೋಳು ತಿರುಗಿಸಿ, ಟ್ಯೂಬು ಎಳೆಯಿರಿ. ಮೊದಲ ಆರು ಬಾಣ 5 ಮೀಟರಿನಿಂದ, ಗುರಿ ಗುರುತಿಲ್ಲದ ಖಾಲಿ ಗೋಣಿಚೀಲಕ್ಕೆ.

ಕುತ್ತಿಗೆ ಪೂರ್ತಿ ತಿರುಗದವರು ಗುರಿಗೆ ಅಡ್ಡಲಾಗಿ ನಿಲ್ಲುವ ಬದಲು ಎರಡೂ ಪಾದವನ್ನು ಗುರಿಯ ಕಡೆ ಸ್ವಲ್ಪ ತಿರುಗಿಸಿ ನಿಲ್ಲಿ. ಬಿಲ್ಲನ್ನು ಗುರಿಯ ಮಟ್ಟಕ್ಕೆ ತಂದ ಮೇಲೆ ಎಳೆಯಿರಿ, ಬಿಲ್ಲು ಹಿಡಿದ ಹೆಗಲು ಕೆಳಗೇ ಇರಲಿ. ಎಳೆಯುವ ಕೆಲಸ ಬೆನ್ನಿನ ಹಲಗೆ ಮೂಳೆಯದ್ದು, ಕೈ ಬರೀ ಕೊಕ್ಕೆ. ಎಳೆದ ಕೈ ಬಂದು ನಿಲ್ಲುವ ಜಾಗಕ್ಕೆ ಆಂಕರ್ ಅಂತಾರೆ. ಮೊದಲು ಕಿವಿಯ ಹತ್ತಿರಕ್ಕೆ ಎಳೆಯುತ್ತಿದ್ದವರು ಈಗ ಬಾಯಿಯ ಮೂಲೆಗೆ ತಂದುಕೊಳ್ಳಿ. ಎರಡು ಮೂರು ಸೆಕೆಂಡಿನಲ್ಲಿ ಬಿಡಿ. ಮನಸ್ಸು ಒಪ್ಪದಿದ್ದರೆ ಬಿಡದೆ ಹಿಂದಕ್ಕೆ ಕಳಿಸಿ. ಉಸಿರು ಕಟ್ಟಬೇಡಿ, ಎಳೆಯುವಾಗ ಮೆಲ್ಲಗೆ ಹೊರಬಿಡುತ್ತಾ ಇರಿ. ಉಸಿರು ಬಿಗಿಹಿಡಿದು ಭಾರ ಎಳೆದರೆ ಬಿಪಿ ಒಮ್ಮೆಲೇ ಏರಿ ತಲೆ ತಿರುಗುತ್ತದೆ.

ಹಿಡಿಯನ್ನು ಗಟ್ಟಿಯಾಗಿ ಅಮುಕಬೇಡಿ, ಮೊಣಕೈ ನೋವಿಗೆ ಅದೇ ದಾರಿ. ಮುಂಗೈ ಪಟ್ಟಿ ತಪ್ಪದೆ ಕಟ್ಟಿ, ಅದರಲ್ಲೂ ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು. ಹೆದೆ ಒಂದು ಸಲ ಸವರಿದರೂ ಕೈ ಪೂರ್ತಿ ನೀಲಿಗಟ್ಟುತ್ತದೆ.

ಹೆದೆ ಏರಿಸಲು ಬಿಲ್ಲಿನ ನಡುವೆ ಕಾಲು ತೂರಿಸಿ ತೊಡೆಯಿಂದ ಬಗ್ಗಿಸುವ ಹಳೇ ರೀತಿ ಇನ್ನು ಬೇಡ. ಸೊಂಟಕ್ಕೂ ಒಳ್ಳೆಯದಲ್ಲ, ಬಿಲ್ಲೂ ತಿರುಚಿಕೊಳ್ಳುತ್ತದೆ. ಸ್ಟ್ರಿಂಗರ್ ಹಗ್ಗ ಉಪಯೋಗಿಸಿ.

7. ಬೆರಳು, ಕಣ್ಣು, ಮೊಣಕಾಲು

ಬೆರಳ ಗೆಣ್ಣು ನೋಯುವವರಿಗೆ ದಪ್ಪ ಚರ್ಮದ ಟ್ಯಾಬ್ ಬೇಕು. ಹೆದೆಯನ್ನು ಬೆರಳ ತುದಿಯಲ್ಲಿ ಹಿಡಿಯದೆ ಮೊದಲ ಗೆಣ್ಣಿನ ಮಡಿಕೆಯಲ್ಲಿ ಕೂರಿಸಿ. ಗಿಡ್ಡ ಬಿಲ್ಲಿನಲ್ಲಿ ಹೆದೆ ಚೂಪಾಗಿ ಮಡಿಸಿ ಬೆರಳನ್ನು ಹಿಂಡುತ್ತದೆ, 66ರಿಂದ 70 ಇಂಚಿನ ಬಿಲ್ಲಿನಲ್ಲಿ ಆ ಹಿಂಸೆ ಕಡಿಮೆ. ಹೆಬ್ಬೆರಳಿಗೆ ಉಂಗುರ ಹಾಕಿ ಎಳೆಯುವ ಏಷ್ಯಾದ ಪದ್ಧತಿ ತೋರು ಬೆರಳ ನೋವಿರುವವರಿಗೆ ಆಗಿಬರಬಹುದು, ಹೆಬ್ಬೆರಳ ಬುಡ ನೋಯುವವರಿಗೆ ಖಂಡಿತ ಬೇಡ.

ಓದುವುದಕ್ಕೂ ದೂರಕ್ಕೂ ಒಂದೇ ಕನ್ನಡಕ ಹಾಕುವವರು ತಲೆ ಓರೆ ಮಾಡಿದಾಗ ತಪ್ಪು ಭಾಗದಿಂದ ನೋಡುತ್ತೀರಿ. ದೂರಕ್ಕೆ ಮಾತ್ರದ ಒಂದು ಜೊತೆ ಮಾಡಿಸಿಕೊಳ್ಳಿ. ಒಂದು ಕಣ್ಣಿಗೆ ಪೊರೆ ಬಂದರೆ ಮೆದುಳು ಇನ್ನೊಂದು ಕಣ್ಣನ್ನು ಮುಂದು ಮಾಡಿಕೊಂಡು ಬಾಣವೆಲ್ಲ ಒಂದೇ ಬದಿಗೆ ಹೋಗಲು ಶುರುವಾಗಬಹುದು. ಬಿಡುವ ರೀತಿ ಬದಲಿಸುವ ಮೊದಲು ಕಣ್ಣು ತೋರಿಸಿ.

ನಿಲ್ಲಲಾಗದವರು ಕೂತೇ ಬಾಣ ಬಿಡಿ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಗಾಲಿಕುರ್ಚಿಯಲ್ಲಿ ಕೂತೇ ಶೀತಲ್ ದೇವಿ ಜೊತೆ ಕಂಚು ಗೆದ್ದರು. ಸ್ಟೂಲಿನ ಮೇಲೆ ಪಕ್ಕಕ್ಕೆ ತಿರುಗಿ ಕೂತು, ಉದ್ದ ಬಿಲ್ಲಾದರೆ ಸ್ವಲ್ಪ ಓರೆಯಾಗಿ ಹಿಡಿಯಿರಿ, ಕೆಳತುದಿ ತೊಡೆಗೆ ಬಡಿಯಬಾರದು.

8. ಎಷ್ಟು ಬಾಣ, ಯಾವಾಗ ನಿಲ್ಲಿಸಬೇಕು

ವಾರಕ್ಕೆ ಮೂರು ದಿನ, ದಿನಕ್ಕೆ 30-40 ಬಾಣ. ಎರಡು ದಿನ ಒಟ್ಟಿಗೆ ಬೇಡ. ನೋಟ್‌ಬುಕ್ಕಿನಲ್ಲಿ ಎಷ್ಟು ಬಾಣ, ಮಾರನೇ ದಿನ ಭುಜ ಹೇಗಿತ್ತು ಅಂತ ಒಂದು ಸಾಲು ಬರೆಯಿರಿ. ಗುಂಪಿನಲ್ಲಿ ಬಿಡುವಾಗ ಲೆಕ್ಕ ತಪ್ಪುತ್ತದೆ, ಹಾಗಾಗಿ ಬತ್ತಳಿಕೆಯಲ್ಲಿ ಆರೇ ಬಾಣ ಇಟ್ಟುಕೊಳ್ಳಿ. ತರಲು ನಡೆದುಹೋಗುವಾಗ ಭುಜಕ್ಕೆ ವಿಶ್ರಾಂತಿ ಸಿಗುತ್ತದೆ.

ಬೆನ್ನಿನ ಖಂಡ ಹದವಾಗಿ ನೋಯುವುದು ಸಹಜ. ಕೀಲಿನೊಳಗೆ ಚುಚ್ಚುವ ನೋವು, ಆ ಬದಿಗೆ ಮಲಗಿದಾಗ ಎಚ್ಚರವಾಗುವ ನೋವು, ಬೆರಳು ಜೋಮು ಹಿಡಿಯುವುದು, ಇವು ಬಂದರೆ ಅವತ್ತೇ ನಿಲ್ಲಿಸಿ. ನೋವಿನ ಮಾತ್ರೆ ನುಂಗಿ ಬಾಣ ಬಿಡುವುದು ಮಾತ್ರ ದಯವಿಟ್ಟು ಬೇಡ, ಹರಿಯುತ್ತಿರುವುದು ಗೊತ್ತೇ ಆಗುವುದಿಲ್ಲ.

ಇದನ್ನು ಎರಡು ಸಲ ಓದಿ: ನಮ್ಮಲ್ಲಿ ಹೆಚ್ಚಿನವರು ಬಿಲ್ಲು ಹಿಡಿಯುವುದು ಎಡಗೈಯಲ್ಲಿ. ಎಡಗೈ ನೋವು, ಎದೆ ಬಿಗಿತ, ದವಡೆ ಸೆಳೆತ, ತಣ್ಣಗೆ ಬೆವರುವುದು ಬಂದರೆ "ಬಿಲ್ಲು ಹಿಡಿದದ್ದಕ್ಕೆ" ಅಂದುಕೊಳ್ಳಬೇಡಿ. ಕೂತುಕೊಂಡು 108ಕ್ಕೆ ಕರೆ ಮಾಡಿ. ತೋಟದಲ್ಲಿ ಒಬ್ಬರೇ ಬಾಣ ಬಿಡಬೇಡಿ, ಫೋನಿಗೆ ಸಿಗ್ನಲ್ ಇರುವ ಜಾಗವೇ ಆರಿಸಿಕೊಳ್ಳಿ.

9. ಬೇಟೆಯ ಪ್ರಶ್ನೆ

ವಿದೇಶದ ಬಿಲ್ಲುಬೇಟೆಯ ವಿಡಿಯೋ ನೋಡಿ "ಇಲ್ಲಿ ಹಂದಿಗಾದರೂ ಬಿಡಬಹುದಾ" ಅಂತ ಕೇಳುವವರಿದ್ದಾರೆ. ಬಿಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಪರಾಧ, ಬೇಟೆಯ ಪ್ರಯತ್ನವೂ ಬೇಟೆಯೇ. ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಪರಿಹಾರಕ್ಕೆ ಅರ್ಜಿ ಹಾಕಬೇಕು. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಆ ಕಾಯ್ದೆ ಆಯುಧ ಅಂದರೆ ಏನು ಅಂತ ಹೇಳುವಾಗ ಬಿಲ್ಲು ಬಾಣವನ್ನೂ ಹೆಸರಿಸಿದೆ, ಮತ್ತು ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ. ಭದ್ರಾ, ಕುದುರೆಮುಖದ ಕಡೆ ಸುತ್ತಾಡಲು ಹೋಗುವಾಗ ಬಿಲ್ಲು ಕಾರಿನಲ್ಲೂ ಇರಬಾರದು.

ಬೇಟೆ ಕಾನೂನುಬದ್ಧವಾಗಿರುವ ದೇಶದಲ್ಲಿರುವ ಓದುಗರಿಗೆ ಒಂದು ಮಾತು. ಅಮೆರಿಕದ ಹಲವು ರಾಜ್ಯಗಳಲ್ಲಿ ಜಿಂಕೆಗೆ ಕನಿಷ್ಠ 35 ಅಥವಾ 40 ಪೌಂಡ್ ಬೇಕು ಅನ್ನುವ ನಿಯಮವಿದೆ. ಅಷ್ಟನ್ನು ಚಳಿಯಲ್ಲಿ, ಗಂಟೆಗಟ್ಟಲೆ ಕೂತಿದ್ದು ಎದ್ದ ಮೇಲೆ, ನಡುಗದೆ ಎಳೆಯಲು ಆಗದ ದಿನ ಬೇಟೆ ನಿಲ್ಲಿಸಿ. ಪ್ರಾಣಿಯನ್ನು ಗಾಯ ಮಾಡಿ ಕಳಿಸುವ ಹಕ್ಕು ಯಾರಿಗೂ ಇಲ್ಲ.

ಬೇಟೆಯ ಸೊಗಸು ಏನಿದೆ, ಕಾಡುದಾರಿಯಲ್ಲಿ ನಡೆಯುವುದು, ದೂರ ಅಂದಾಜು ಮಾಡುವುದು, ಮರಗಳ ನಡುವೆ ಸಂದಿ ಹುಡುಕಿ ಬಾಣ ಬಿಡುವುದು, ಅದೆಲ್ಲ ಪ್ರಾಣಿಯಿಲ್ಲದೆಯೂ ಸಿಗುತ್ತದೆ. ಇದಕ್ಕೆ ತ್ರೀಡಿ ಆರ್ಚರಿ ಅಂತಾರೆ, ಫೋಮಿನ ಪ್ರಾಣಿಗಳಿಗೆ ಗುರಿ ಇಡುವ ಆಟ. ಸಾಂಪ್ರದಾಯಿಕ ಬಿಲ್ಲಿಗೆ ಅಲ್ಲಿ ದೂರ 30 ಮೀಟರ್ ಮೀರುವುದಿಲ್ಲ, ಹಗುರ ಬಿಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ. ಬೇಲೂರಿನ ಚೆನ್ನಕೇಶವ ಗುಡಿಯ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇದ್ದಾಳೆ, ನಮ್ಮ ಊರುಗಳ ವೀರಗಲ್ಲುಗಳಲ್ಲೂ ಬಿಲ್ಲುಗಾರರಿದ್ದಾರೆ. ಆ ಬಿಲ್ಲನ್ನು ಕಾನೂನು ಮುರಿಯದೆ ಉಳಿಸಿಕೊಳ್ಳಲು ಇದಕ್ಕಿಂತ ಚಂದದ ದಾರಿ ನನಗೆ ಕಂಡಿಲ್ಲ.

ಸ್ವಂತ ತೋಟವಿದ್ದರೆ ನೀವೇ ಮಾಡಿಕೊಳ್ಳಬಹುದು. ಗೋಣಿಚೀಲಕ್ಕೆ ಹಳೆ ಸೀರೆ, ಪಂಚೆ, ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ತುಂಬಿ, ಮೇಲೆ ಹಂದಿಯ ಆಕಾರ ಬರೆಯಿರಿ. ಗುಂಡಿ, ಜಿಪ್ ಇರುವ ಬಟ್ಟೆ ತುಂಬಬೇಡಿ, ಬಾಣ ಮುರಿಯುತ್ತದೆ. ಚೀಲದ ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು. 30 ಪೌಂಡಿನ ಬಿಲ್ಲಿನ ಬಾಣವೂ ಗುರಿ ತಪ್ಪಿದರೆ 100 ಮೀಟರ್ ದಾಟಿ ಹೋಗುತ್ತದೆ. ಸಿಲ್ವರ್ ಓಕ್ ಮರದ ಕಡೆ ಬಿಡಬೇಡಿ, ತಗುಲಿದ ಬಾಣ ಎತ್ತಲೋ ಚಿಮ್ಮುತ್ತದೆ. ಗರಿಗಳು ಕಿತ್ತಳೆ ಅಥವಾ ಗುಲಾಬಿ ಬಣ್ಣದವಿರಲಿ, ಹಸಿರು ಗರಿ ಕಾಫಿ ಗಿಡದಡಿ ಹೋದರೆ ಸಿಗುವುದಿಲ್ಲ.

ನವೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲಿಗೆ ಆಳುಗಳು ಗಿಡಗಳ ನಡುವೆ ಎಲ್ಲಿ ಬೇಕಾದರೂ ಇರುತ್ತಾರೆ. ಆ ತಿಂಗಳುಗಳಲ್ಲಿ ತೋಟದೊಳಗೆ ಬಾಣ ಬೇಡವೇ ಬೇಡ, ಮನೆಯಂಗಳದ ಹತ್ತಿರ ಒಂದೇ ಗುರಿ ಇಟ್ಟುಕೊಳ್ಳಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯವರು ಹೊರಡುವ ಮೊದಲು ಆನೆ ಎಲ್ಲಿದೆ ಅಂತ ವಿಚಾರಿಸಿ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಹೋಗಬೇಡಿ. ನಮ್ಮ ವಯಸ್ಸಿಗೆ ಓಡಿ ತಪ್ಪಿಸಿಕೊಳ್ಳುವ ಮಾತಿಲ್ಲ, ಬಿಲ್ಲು ಅಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ.

10. ಮಳೆಗಾಲದ ನಾಲ್ಕು ತಿಂಗಳು

ಜೂನ್ ಬಂದ ಕೂಡಲೇ ಬಿಲ್ಲು ಅಟ್ಟಕ್ಕೆ ಹಾಕಿ ಅಕ್ಟೋಬರಿನಲ್ಲಿ ತೆಗೆದು ಅವತ್ತೇ 60 ಬಾಣ ಬಿಡುವವರಿದ್ದಾರೆ. ಭುಜ ಹೋಗುವುದು ಆ ದಿನವೇ. ಹೊರಗೆ ಮಳೆ ಹೊಯ್ಯುತ್ತಿದ್ದರೂ ಗೋಡೌನಿನಲ್ಲೋ ಉದ್ದನೆಯ ಜಗಲಿಯಲ್ಲೋ 4 ಮೀಟರ್ ಜಾಗ ಸಾಕು. ಗೋಣಿಚೀಲ ಇಟ್ಟು, ಆ ಕಡೆ ಬಾಗಿಲಿದ್ದರೆ ಅಗಳಿ ಹಾಕಿ, ವಾರಕ್ಕೆ ಎರಡು ದಿನ 20 ಬಾಣ ಬಿಡಿ. ಅದೂ ಆಗದ ವಾರ ಸೈಕಲ್ ಟ್ಯೂಬನ್ನಾದರೂ ಎಳೆಯಿರಿ. ಪೂರ್ತಿ ಬಿಟ್ಟುಹೋಗಿದ್ದರೆ ಮತ್ತೆ ಶುರು ಮಾಡುವಾಗ 12 ಬಾಣದಿಂದ ಆರಂಭಿಸಿ ವಾರಕ್ಕೆ ಐದರಂತೆ ಏರಿಸಿ.

ಬಳಸಿದ ಮೇಲೆ ಹೆದೆ ಇಳಿಸಿ, ಒಣಬಟ್ಟೆಯಲ್ಲಿ ಒರೆಸಿ, ಬಿಲ್ಲನ್ನು ಎರಡು ಗೂಟದ ಮೇಲೆ ಅಡ್ಡ ಮಲಗಿಸಿ ಇಡಿ. ಗೋಡೆಗೆ ಒರಗಿಸಿದರೆ ಕಾಲಕ್ರಮೇಣ ತಿರುಚುತ್ತದೆ. ಬಿದಿರಿನ ಬಿಲ್ಲನ್ನು ಬೂಸ್ಟಿನಿಂದ ಉಳಿಸಲು ತೆಳ್ಳಗೆ ಎಣ್ಣೆ ಸವರಿ, ಒಲೆಯ ಶಾಖಕ್ಕೆ ತೀರ ಹತ್ತಿರ ಇಡಬೇಡಿ. ಹೆದೆಗೆ ಜೇನುಮೇಣ ತಿಕ್ಕಿ, ಒಂದು ಎಳೆ ಕಿತ್ತಿದ್ದರೂ ಹೊಸ ಹೆದೆ ಹಾಕಿ.